ಘಾರಾಪುರಿಯಲ್ಲೊಂದು ಹಗಲು

ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ಹತ್ತಿದರೆ ಸುಮಾರು ಒಂದು ತಾಸಿಗೆ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ. ಗೆಳೆಯರೊಂದಿಗೆ ಹೋದಾಗ ದೋಣಿಯಲ್ಲಿ, ಗುಹೆಗಳಿಗೆ ಹತ್ತುವ ಮೆಟ್ಟಿಲುಗಳ ಮೇಲೆ ನಮ್ಮ ಹರಟೆ ನಿಂತಿರಲಿಲ್ಲ. ಗುಹೆಯ ನಸುಗತ್ತಲಿಗೆ ಕಣ್ಣು ಹೊಂದಿಕೊಂಡಾಗ ಎದುರಿಗೆ ಮೂರು ಮುಖಗಳ ಶಿವನ ಶಿಲ್ಪ, ಸದಾಶಿವ! ಸುಮಾರು 20 ಅಡಿ ಎತ್ತರ. ಒಂದು ಪಕ್ಕದಲ್ಲಿ ಉಗ್ರಮುಖ, ಇನ್ನೊಂದು ಪಕ್ಕದಲ್ಲಿ ತಾವರೆ ಹಿಡಿದ ಸೌಮ್ಯಮುಖ, ನಡುವೆ ಎರಡನ್ನೂ ತಾಳಿಕೊಂಡ ಪ್ರಶಾಂತಿ. ಎಲ್ಲರ ಮಾತೂ ತಾನಾಗಿ ನಿಂತಿತು. ಈ ಶಿಲ್ಪ 6ನೆಯ ಶತಮಾನದ್ದೆನ್ನುತ್ತಾರೆ ವಿದ್ವಾಂಸರು. ಕೆತ್ತಿದವರ ಹೆಸರು ಎಲ್ಲೂ ಉಳಿದಿಲ್ಲ. ಸುತ್ತಲಿನ ಎಷ್ಟೋ ಮೂರ್ತಿಗಳ ಕೈಕಾಲು ಮುರಿದಿವೆ, ನೋಡಿದರೆ ಸಂಕಟವಾಗುತ್ತದೆ.

1987ರಲ್ಲಿ ಗುಹೆಗಳು ವಿಶ್ವಪರಂಪರೆಯ ಪಟ್ಟಿ ಸೇರಿದವು. ಅದೇ ದ್ವೀಪದ ಮೂರು ಹಳ್ಳಿಗಳಿಗೆ ಕರೆಂಟು ಬಂದದ್ದು ಮಾತ್ರ 2018ರಲ್ಲಿ. ಅಲ್ಲಿಯವರೆಗೆ ಎದುರಿನ ಮಹಾನಗರದ ದೀಪಗಳನ್ನು ನೋಡುತ್ತ, ಸಂಜೆ ಕೆಲವು ತಾಸಿನ ಜನರೇಟರ್ ಬೆಳಕಿನಲ್ಲಿ ಆ ಜನ ಬಾಳಿದ್ದರು. ಸದಾಶಿವನಷ್ಟೇ ಅವರ ತಾಳ್ಮೆಯೂ ದೊಡ್ಡದು ಅನ್ನಿಸಿತು ನನಗೆ.

ಸೋಮವಾರ ಗುಹೆಗಳಿಗೆ ರಜೆ. ಬೇರೆ ದಿನ ಹೋಗಿ. ಊರವರ ಅಂಗಡಿಯಲ್ಲೇ ಊಟ ಮಾಡಿ, ಅವರೊಂದಿಗೆ ನಾಲ್ಕು ಮಾತಾಡಿ ಬನ್ನಿ.