ಆಟಗಾರರ ಮಾತು, ಟಿವಿಯ ಲೆಕ್ಕ

2021ರ ಅಕ್ಟೋಬರ್ 24ರ ಸಂಜೆ, ದುಬೈ. ಭಾರತ–ಪಾಕಿಸ್ತಾನ ಟಿ20 ವಿಶ್ವಕಪ್ ಪಂದ್ಯದ ಮೊದಲ ಎಸೆತಕ್ಕೂ ಮುನ್ನ ಕೆ.ಎಲ್. ರಾಹುಲ್ ಮತ್ತು ರೋಹಿತ್ ಶರ್ಮಾ ಮೈದಾನದಲ್ಲಿ ಮಂಡಿಯೂರಿದರು. ಬೌಂಡರಿ ಗೆರೆಯಾಚೆ ಇದ್ದ ಜೊತೆಗಾರರೂ ಹಾಗೆಯೇ ಮಾಡಿದರು. ಪಾಕಿಸ್ತಾನದ ಆಟಗಾರರು ಎದೆಯ ಮೇಲೆ ಕೈಯಿಟ್ಟು ನಿಂತರು. ಅಮೆರಿಕದಲ್ಲಿ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಎದ್ದಿದ್ದ ಚಳವಳಿಗೆ ಅದು ಬೆಂಬಲದ ಗುರುತು. ಆಮೇಲೆ ಶಾಹೀನ್ ಅಫ್ರಿದಿ ಇಬ್ಬರನ್ನೂ ಬೇಗನೆ ಔಟ್ ಮಾಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆ ಪಂದ್ಯವನ್ನು ಟಿವಿಯಲ್ಲಿ ನೋಡಿದವರು 16.7 ಕೋಟಿ ಎಂದು ಸ್ಟಾರ್ ಸಂಸ್ಥೆ ಪ್ರಕಟಿಸಿತು. ಅಂತರರಾಷ್ಟ್ರೀಯ ಟಿ20ಯಲ್ಲಿ ಅದು ಅಲ್ಲಿಯವರೆಗಿನ ದಾಖಲೆ.

ಇದರಿಂದ ಏನೂ ಸಾಬೀತಾಗುವುದಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಯಾರು ಮಂಡಿಯೂರಲಿ ಬಿಡಲಿ, ಭಾರತ–ಪಾಕಿಸ್ತಾನ ಪಂದ್ಯವನ್ನು ಜನ ನೋಡೇ ನೋಡುತ್ತಾರೆ. ಆದರೆ ಆಟಗಾರರು ರಾಜಕೀಯ ಮಾತಾಡಿದರೆ ಪ್ರೇಕ್ಷಕರು ಟಿವಿ ಆರಿಸಿಬಿಡುತ್ತಾರೆ ಎಂಬ ವಾದಕ್ಕೂ ಇದೇ ಎಚ್ಚರಿಕೆ ಬೇಕು. ಆ ವಾದ ಜೋರಾಗಿ ಕೇಳಿಬಂದದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ನಿಂತ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯಾವಳಿ ಜುಲೈ ಕೊನೆಗೆ ಫ್ಲೋರಿಡಾದ ಒರ್ಲಾಂಡೊ ಬಳಿ ಮತ್ತೆ ಶುರುವಾಯಿತು. ಅಂಗಳದ ಹಲಗೆಯ ಮೇಲೆ ಚಳವಳಿಯ ಘೋಷಣೆ, ಆಟಗಾರರ ಜೆರ್ಸಿಯ ಮೇಲೂ ಘೋಷಣೆ. ಆಗಸ್ಟ್ 26ರಂದು ಮಿಲ್ವಾಕಿ ಬಕ್ಸ್ ತಂಡ ಪೊಲೀಸ್ ಗುಂಡೇಟಿನ ಪ್ರಕರಣವೊಂದನ್ನು ಪ್ರತಿಭಟಿಸಿ ಆಡಲು ಬರಲೇ ಇಲ್ಲ. ಆ ವರ್ಷದ ಫೈನಲ್ ಸರಣಿಯನ್ನು ಅಮೆರಿಕದಲ್ಲಿ ನೋಡಿದವರು ಸರಾಸರಿ ಸುಮಾರು 75 ಲಕ್ಷ. ಹಿಂದಿನ ವರ್ಷ ಅದು 1.51 ಕೋಟಿ ಇತ್ತು. ಅರ್ಧಕ್ಕರ್ಧ ಕುಸಿತ! ಅಧ್ಯಕ್ಷ ಟ್ರಂಪ್ ಸೇರಿದಂತೆ ಹಲವರು ಆಟಗಾರರ ಮಾತನ್ನೇ ಬೈದರು.

ಆದರೆ ಜೂನ್‌ನಲ್ಲಿ ನಡೆಯಬೇಕಿದ್ದ ಫೈನಲ್ ಆ ವರ್ಷ ಅಕ್ಟೋಬರ್‌ಗೆ ಹೋಗಿತ್ತು. ಅದು ಅಮೆರಿಕನ್ ಫುಟ್‌ಬಾಲ್ ಮತ್ತು ಬೇಸ್‌ಬಾಲ್‌ನ ಕಾಲ, ಮೇಲಿಂದ ಅಧ್ಯಕ್ಷೀಯ ಚುನಾವಣೆ. ಮೈದಾನದಲ್ಲಿ ಪ್ರೇಕ್ಷಕರಿಲ್ಲ. ಘೋಷಣೆಗಳು ತೀರಾ ಕಡಿಮೆಯಿದ್ದ ಐಸ್ ಹಾಕಿಯ ಫೈನಲ್ ಕೂಡ ಅದೇ ವರ್ಷ ಅರ್ಧಕ್ಕಿಂತ ಹೆಚ್ಚು ವೀಕ್ಷಕರನ್ನು ಕಳೆದುಕೊಂಡಿತು. ಎನ್‌ಬಿಎ ಫೈನಲ್ 2021ರಲ್ಲಿ ಜುಲೈಗೆ ಬಂದಾಗ ಸಂಖ್ಯೆ 99 ಲಕ್ಷಕ್ಕೇರಿತು, 2022ರಲ್ಲಿ ಜೂನ್‌ಗೆ ಮರಳಿದಾಗ 1.24 ಕೋಟಿ ಆಯಿತು. ಸಿಟ್ಟಿನಿಂದ ಟಿವಿ ಆರಿಸಿದವರು ಇರಲೇ ಇಲ್ಲ ಎಂದಲ್ಲ, ಖಂಡಿತ ಇದ್ದರು. ಅವರು ಲೀಗನ್ನು ಮುಳುಗಿಸಲಿಲ್ಲ ಅಷ್ಟೆ. 2024ರಲ್ಲಿ ಎನ್‌ಬಿಎ ಹನ್ನೊಂದು ವರ್ಷಗಳ ಪ್ರಸಾರ ಹಕ್ಕನ್ನು ಸುಮಾರು 7,600 ಕೋಟಿ ಡಾಲರಿಗೆ ಮಾರಿತು. ವೀಕ್ಷಕರ ಮೇಲೆ ನಂಬಿಕೆ ಹೋಗಿದ್ದರೆ ಯಾವ ಚಾನೆಲ್ ತಾನೇ ಅಷ್ಟು ಹಣ ಸುರಿಯುತ್ತಿತ್ತು?

ಟಿವಿ ಲೆಕ್ಕದ ಮಿತಿಯೂ ಗೊತ್ತಿರಬೇಕು. ನಮ್ಮಲ್ಲಿ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ಅದರಿಂದ ಇಡೀ ದೇಶದ ಅಂದಾಜು ಕಟ್ಟುತ್ತದೆ. ಯಾವ ಚಾನೆಲ್, ಎಷ್ಟು ಹೊತ್ತು ಓಡಿತು ಎನ್ನುವುದು ಮೀಟರಿಗೆ ಗೊತ್ತು. ಯಾಕೆ ಆರಿಸಿದರು ಎನ್ನುವುದು ಗೊತ್ತಿಲ್ಲ. ಕರೆಂಟ್ ಹೋಗಿರಬಹುದು, ಮಗುವಿಗೆ ಮರುದಿನ ಪರೀಕ್ಷೆ ಇರಬಹುದು, ಮಗ ಅದೇ ಪಂದ್ಯವನ್ನು ಮೊಬೈಲಿನಲ್ಲಿ ನೋಡುತ್ತಿರಬಹುದು. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರ ಟಿವಿ ಮುಂದೆ ಕೊನೆಯ ಓವರಿಗೆ ನಿಂತ ಗುಂಪು ಮನೆಯ ಮೀಟರಿನಲ್ಲಿ ಕಾಣುವುದಿಲ್ಲ.

ನಮ್ಮ ಆಟಗಾರರ ನಿಜವಾದ ಪರೀಕ್ಷೆ ದುಬೈನಲ್ಲಿ ನಡೆಯಲಿಲ್ಲ, ದೆಹಲಿಯಲ್ಲಿ ನಡೆಯಿತು. ಲೈಂಗಿಕ ಕಿರುಕುಳದ ದೂರು ಮುಂದಿಟ್ಟು ಜಂತರ್ ಮಂತರ್‌ನಲ್ಲಿ ಧರಣಿ ಕೂತ ಕುಸ್ತಿಪಟು ವಿನೇಶ್ ಫೋಗಟ್ 2023ರ ಏಪ್ರಿಲ್‌ನಲ್ಲಿ ಕ್ರಿಕೆಟಿಗರನ್ನು ನೇರವಾಗಿಯೇ ಕೇಳಿದರು: ಅಮೆರಿಕದ ಚಳವಳಿಗೆ ಬೆಂಬಲ ಕೊಟ್ಟವರಿಗೆ ನಾವು ಅಷ್ಟೂ ಬೇಡವೇ? ಮೇ 28ರ ಭಾನುವಾರ ಪೊಲೀಸರು ಆ ಕುಸ್ತಿಪಟುಗಳನ್ನು ರಸ್ತೆಯಲ್ಲಿ ಎಳೆದಾಡಿದರು. ಅಂದೇ ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್ ಇತ್ತು. ಮಳೆ ಬಂದು ಸೋಮವಾರಕ್ಕೆ ಹೋಯಿತು. ಜಿಯೋಸಿನಿಮಾದಲ್ಲಿ ಅದನ್ನು ಏಕಕಾಲಕ್ಕೆ ನೋಡಿದವರು 3.2 ಕೋಟಿ. ಮಂಗಳವಾರ ಅನಿಲ್ ಕುಂಬ್ಳೆ ಕುಸ್ತಿಪಟುಗಳನ್ನು ನಡೆಸಿಕೊಂಡ ರೀತಿಗೆ ತಮ್ಮ ನೋವನ್ನು ಬಹಿರಂಗವಾಗಿ ಹೇಳಿಕೊಂಡರು. 1983ರ ವಿಶ್ವಕಪ್ ತಂಡದವರ ಹೆಸರಿನಲ್ಲಿ ಕುಸ್ತಿಪಟುಗಳ ಪರ ಹೇಳಿಕೆ ಬಂದಾಗ, ಆಗ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದ ಬೆಂಗಳೂರಿನ ರೋಜರ್ ಬಿನ್ನಿ ಅದರಲ್ಲಿ ತಾವಿಲ್ಲ, ಆಟದೊಳಗೆ ರಾಜಕೀಯ ಬೇಡ ಎಂದರು.

ಮಾತಾಡಿದ ಕ್ರಿಕೆಟಿಗರು ಬಹುತೇಕ ನಿವೃತ್ತರು. ಆಡುತ್ತಿರುವಾಗಲೇ, ಅದೂ ಅದೇ ಭಾನುವಾರ, ದನಿ ಎತ್ತಿದವರಲ್ಲಿ ಒಬ್ಬರು ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ. ಅವರು ಆಗ ಭಾರತ ಫುಟ್‌ಬಾಲ್ ತಂಡದ ನಾಯಕ. ಕಳೆದುಕೊಳ್ಳುವುದಕ್ಕೆ ಅವರಿಗೆ ಬೇಕಾದಷ್ಟಿತ್ತು. ಒಂದು ತಿಂಗಳೂ ಆಗಿರಲಿಲ್ಲ, ಜೂನ್ 21ರಂದು ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಪಂದ್ಯಾವಳಿಯಲ್ಲಿ ಭಾರತದ ಮೊದಲ ಆಟ, ಎದುರಿಗೆ ಪಾಕಿಸ್ತಾನ. ಹತ್ತನೇ ನಿಮಿಷದಲ್ಲಿ ಎದುರಾಳಿ ಗೋಲ್‌ಕೀಪರ್ ಚೆಂಡನ್ನು ಎಡವಟ್ಟು ಮಾಡಿಕೊಂಡಾಗ ಚೆಟ್ರಿ ಅಲ್ಲೇ ಇದ್ದರು. ಆಮೇಲೆ ಎರಡು ಪೆನಾಲ್ಟಿ, ಹ್ಯಾಟ್ರಿಕ್. ಮಳೆಯಲ್ಲಿ ನೆನೆಯುತ್ತಾ ಸಾವಿರಾರು ಜನ ಅವರ ಹೆಸರು ಕೂಗಿದರು. ಜುಲೈ 4ರಂದು ಕುವೈತ್ ವಿರುದ್ಧದ ಫೈನಲ್‌ನಲ್ಲೂ ಅದೇ ಕೂಗು. ಭಾರತ ಪೆನಾಲ್ಟಿಯಲ್ಲಿ ಕಪ್ ಗೆದ್ದಿತು. ಕುಸ್ತಿಪಟುಗಳ ಪರ ಮಾತಾಡಿದ್ದಕ್ಕೆ ಆ ಗ್ಯಾಲರಿ ಅವರಿಗೆ ಬೆನ್ನು ತಿರುಗಿಸಲಿಲ್ಲ.

ಆಟದ ಮೆಚ್ಚುಗೆಯೂ ಹೋರಾಟದ ಮಾತೂ ಒಟ್ಟಿಗಿರಬಲ್ಲವು ಎಂಬುದನ್ನು ಭದ್ರಾವತಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಅದು. ಆಟಗಾರನನ್ನು ಮೆಚ್ಚುವುದೂ ಗೊತ್ತು, ಧರಣಿ ಕೂರುವುದೂ ಗೊತ್ತು. ಉಕ್ಕಿನ ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಕೂತರು. ಅವರು ಘೋಷಣೆ ಕೂಗಿದ್ದರಿಂದ ಉಕ್ಕಿಗೆ ಗಿರಾಕಿ ಕಡಿಮೆಯಾಗುತ್ತಾರೆ ಎಂದು ಯಾರೂ ಹೆದರಿಸಲಿಲ್ಲ. ಆ ಹೆದರಿಕೆ ಆಟಗಾರನಿಗೆ ಮಾತ್ರ ಯಾಕೆ?

ಹಾಗೆಂದು ಮಾತಿಗೆ ಬೆಲೆ ತೆರಬೇಕಾಗಿ ಬಂದ ಉದಾಹರಣೆ ಇಲ್ಲವೆಂದಲ್ಲ. 2019ರ ಅಕ್ಟೋಬರ್ 4ರಂದು ಹ್ಯೂಸ್ಟನ್ ರಾಕೆಟ್ಸ್ ತಂಡದ ವ್ಯವಸ್ಥಾಪಕ ಡ್ಯಾರಿಲ್ ಮೋರಿ ಹಾಂಗ್‌ಕಾಂಗ್ ಹೋರಾಟಗಾರರ ಪರ ಒಂದೇ ಸಾಲು ಟ್ವೀಟ್ ಮಾಡಿದರು. ಚೀನಾದ ಸರ್ಕಾರಿ ಟಿವಿ ಎನ್‌ಬಿಎ ಪ್ರಸಾರವನ್ನೇ ನಿಲ್ಲಿಸಿತು. ಒಂದು ವರ್ಷದ ನಂತರ ಸ್ವಲ್ಪ ತೋರಿಸಿ, ಮತ್ತೆ ನಿಲ್ಲಿಸಿ, ಕೊನೆಗೆ 2022ರ ಮಾರ್ಚ್‌ನಲ್ಲಿ ಮರಳಿ ಶುರುಮಾಡಿತು. ಅಲ್ಲಿ ವೀಕ್ಷಣೆ ಕುಸಿದದ್ದು ನಿಜ. ಆದರೆ ಸ್ವಿಚ್ ಆರಿಸಿದ್ದು ವೀಕ್ಷಕನಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆಗಳು ಸಿಗುವುದು ಸಿನಿಮಾದಲ್ಲಿ. ಕಾವೇರಿ ವಿಚಾರದಲ್ಲಿ ಒಂಬತ್ತು ವರ್ಷ ಹಿಂದೆ ಆಡಿದ ಮಾತಿಗಾಗಿ 2017ರಲ್ಲಿ ತಮಿಳು ನಟ ಸತ್ಯರಾಜ್ ವಿಷಾದ ವ್ಯಕ್ತಪಡಿಸಿದರು. ಅವರು ನಟಿಸಿದ್ದ ಬಾಹುಬಲಿಯ ಎರಡನೇ ಭಾಗ ಇಲ್ಲಿ ಬಿಡುಗಡೆಯಾಯಿತು, ಜನ ಮುಗಿಬಿದ್ದು ನೋಡಿದರು. 2025ರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿತೆಂದ ಕಮಲ್ ಹಾಸನ್ ಕ್ಷಮೆ ಕೇಳಲಿಲ್ಲ. ಕನ್ನಡಿಗರಿಗೆ ಆದ ನೋವು ಸುಳ್ಳಲ್ಲ. ಅವರ ಹೊಸ ಚಿತ್ರ ‘ಥಗ್ ಲೈಫ್’ ನೋಡೆನೆಂದು ಮನೆಯಲ್ಲಿ ಕೂರುವ ಹಕ್ಕು ಪ್ರತಿಯೊಬ್ಬರಿಗೂ ಇತ್ತು. ಚಲನಚಿತ್ರ ವಾಣಿಜ್ಯ ಮಂಡಳಿ ಬಿಡುಗಡೆ ಬೇಡವೆಂದಿತು. ಪ್ರಮಾಣಪತ್ರ ಪಡೆದ ಚಿತ್ರದ ಪ್ರದರ್ಶನ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದರೂ ‘ಥಗ್ ಲೈಫ್’ ರಾಜ್ಯದ ಚಿತ್ರಮಂದಿರಗಳಿಗೆ ಬರಲೇ ಇಲ್ಲ. ಶಿವಮೊಗ್ಗದಲ್ಲಿ ಎಷ್ಟು ಜನ ಸಿಟ್ಟಿನಿಂದ ದೂರ ಉಳಿಯುತ್ತಿದ್ದರು, ಎಷ್ಟು ಜನ ಸಿಟ್ಟಿದ್ದೂ ಟಿಕೆಟ್ ಕೊಳ್ಳುತ್ತಿದ್ದರು ಎಂಬ ಲೆಕ್ಕ ಹಾಗಾಗಿ ಯಾರ ಕೈಗೂ ಸಿಗಲಿಲ್ಲ.