ಜೂನ್ ಒಂದರಂದು ಹುಟ್ಟಿದವರು



ಕಳೆದ ಜುಲೈನಲ್ಲಿ ಮೂರು ವಾರ ನಾನು ದೋಹಾದ ಒಂದು ವಿಮಾ ಕಚೇರಿಯಲ್ಲಿ, ಆಕ್ಚುಯೇರಿಯಲ್ ವಿಭಾಗದಲ್ಲಿ ಇಂಟರ್ನ್ ಆಗಿದ್ದೆ. ಅದರ ಬಗ್ಗೆ ಮಾತಾಡು ಅಂತ ಟೀಚರ್ ಹೇಳಿದ್ದಾರೆ. ಆಕ್ಚುಯರಿ ಅಂದರೆ ಏನು ಅಂತ ಮೊದಲು ಸಾಗರದಲ್ಲಿರುವ ಅಜ್ಜಿಗೆ ಫೋನಿನಲ್ಲಿ ವಿವರಿಸಲು ಹೋಗಿ ಸೋತೆ. "ಯಾರು ಯಾವಾಗ ಸಾಯ್ತಾರೆ ಅಂತ ಲೆಕ್ಕ ಹಾಕೋದಾ? ಅದಕ್ಕೆ ನಮ್ಮೂರಲ್ಲೇ ಜೋಯಿಸರು ಇದಾರಲ್ಲೆ" ಅಂದರು.

ಯಾರು ಅಂತ ಅಲ್ಲ, ಎಷ್ಟು ಜನ ಅಂತ. ಅಷ್ಟೇ ವ್ಯತ್ಯಾಸ. ಧೂಮಕೇತುವಿನ ಹ್ಯಾಲಿ ನಮಗೆಲ್ಲ ಗೊತ್ತು. ಅದೇ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ಎಂಬ ಊರಿನ ಹುಟ್ಟು ಸಾವಿನ ದಾಖಲೆ ನೋಡಿ, ಯಾವ ವಯಸ್ಸಿನಲ್ಲಿ ಎಷ್ಟು ಜನ ಉಳಿಯುತ್ತಾರೆ ಅಂತ ಪಟ್ಟಿ ಮಾಡಿದ. ಈಗ ಭಾರತದ ವಿಮಾ ಕಂಪನಿಗಳು ಬಳಸುವ 2012–14ರ ಪಟ್ಟಿಯಲ್ಲಿ ಮೂವತ್ತು ವರ್ಷದವರಿಗೆ ವರ್ಷಕ್ಕೆ ಸಾವಿರಕ್ಕೆ ಸುಮಾರು ಒಂದು, ಐವತ್ತು ವರ್ಷದವರಿಗೆ ನಾಲ್ಕಕ್ಕಿಂತ ಹೆಚ್ಚು.

ನನಗೆ ಕೆಲಸ ಕಲಿಸಿದವರು ಮಂಗಳೂರು ಕಡೆಯ ಒಬ್ಬ ಅಂಕಲ್. ಮೊದಲ ದಿನ ಚಹಾ ಕುಡಿಯುತ್ತಾ ಟಿಶ್ಯೂ ಪೇಪರ್ ಮೇಲೆ ಒಂದು ಲೆಕ್ಕ ಕೊಟ್ಟರು. ಹತ್ತನೇ ತರಗತಿ ಪಾಸಾಗದೆ ಗಲ್ಫ್‌ಗೆ ಕೆಲಸಕ್ಕೆ ಬರುವ ಭಾರತೀಯರು ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 10 ಲಕ್ಷ. "ಇದು ಹೇಗೆ ಸಾಧ್ಯ, ಹೇಳು ಪುಟ್ಟಾ?" ಹತ್ತು ಸಾವಿರ ಜನ ಕಟ್ಟಿದರೆ 27.5 ಲಕ್ಷ. ಎರಡು ವರ್ಷದಲ್ಲಿ ಎರಡು ಮನೆಗೆ ಕೊಡಬಹುದು. ಮೂರನೆಯದಕ್ಕೆ ಸಾಲದು. ನಾನು ಖುಷಿಯಿಂದ ಉತ್ತರ ಹೇಳಿದೆ. ಆ ಎರಡು ಮನೆ ಯಾವುದು ಅಂತ ಆಗ ಯೋಚಿಸಲಿಲ್ಲ, ನಿಜ ಹೇಳಬೇಕಲ್ಲ.

ಎರಡನೇ ವಾರ ನನಗೊಂದು ಎಕ್ಸೆಲ್ ಹಾಳೆ ಕೊಟ್ಟರು. ಒಂದು ಕಟ್ಟಡ ಕಂಪನಿಯ ಸುಮಾರು ನಾನೂರು ಕಾರ್ಮಿಕರ ಗುಂಪು ವಿಮೆ. ಹೆಸರಿನ ಬದಲು ಸಂಖ್ಯೆ, ಹುಟ್ಟಿದ ದಿನ, ಸಂಬಳ, ನಾಮಿನಿ. ವಯಸ್ಸು ಹಾಕಿ, ಪಟ್ಟಿಯ ದರದಿಂದ ಗುಣಿಸಿ ಕೂಡಿಸಬೇಕು. ನೋಡುತ್ತಾ ಹೋದಂತೆ ವಿಚಿತ್ರ ಅನ್ನಿಸಿತು. ಎಷ್ಟೋ ಜನ ಜನವರಿ ಒಂದಕ್ಕೆ ಹುಟ್ಟಿದ್ದಾರೆ, ಇನ್ನೆಷ್ಟೋ ಜನ ಜೂನ್ ಒಂದಕ್ಕೆ. ಇದು ತಪ್ಪು ಡೇಟಾ ಅಂತ ತೀರ್ಮಾನಿಸಿದೆ. ಶಾಲೆಯ ಪ್ರಾಜೆಕ್ಟ್‌ನಲ್ಲಿ ಹಾಗೇ ಮಾಡುತ್ತಿದ್ದೆವು. ನಾಮಿನಿ ಖಾಲಿ ಇದ್ದವರನ್ನೂ ಸೇರಿಸಿ ಮೂವತ್ತೇಳು ಸಾಲು ಅಳಿಸಿದೆ. ಹಾಳೆ ಬಹಳ ಚೆನ್ನಾಗಿ ಕಾಣಿಸಿತು.

ಅಂಕಲ್ ಬೈಯಲಿಲ್ಲ. "ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ವಿಮೆ ಇಲ್ಲ. ನೀನು ಮೂವತ್ತೇಳು ಮನೆ ಅಳಿಸಿದ್ದೀಯ" ಅಂದರು. ಅವರ ಹತ್ತಿರ ಮೂಲ ಪ್ರತಿ ಇತ್ತು, ಏನೂ ಆಗಲಿಲ್ಲ. ಆದರೆ ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಸಂಜೆ ಅಜ್ಜಿಗೆ ಫೋನ್ ಮಾಡಿದೆ. ಅಜ್ಜಿ ನಕ್ಕರು. ನಮ್ಮ ಅಜ್ಜನ ಹುಟ್ಟಿದ ದಿನವೂ ಜೂನ್ ಒಂದೇ ಅಂತೆ! ಶಾಲೆ ಶುರುವಾಗುವುದು ಜೂನ್‌ನಲ್ಲಿ, ಮಗುವಿಗೆ ವಯಸ್ಸು ತುಂಬಿರಬೇಕು, ತಂದೆತಾಯಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ಮೇಷ್ಟ್ರು ಬರೆದುಬಿಡುತ್ತಿದ್ದರು. ಮುಂದೆ ಅಜ್ಜನೇ ಮೇಷ್ಟ್ರಾಗಿ ಎಷ್ಟೋ ಮಕ್ಕಳಿಗೆ ಅದೇ ದಿನ ಬರೆದರು. ಅಜ್ಜನ ಸಂಬಳದಲ್ಲಿ ಪ್ರತಿ ತಿಂಗಳು ಕೆಜಿಐಡಿ ಅಂತ ಹಿಡಿಯುತ್ತಿದ್ದರಂತೆ. ಅದು ಮೈಸೂರು ಸಂಸ್ಥಾನದಲ್ಲಿ 1891ರಲ್ಲೇ ಸರ್ಕಾರಿ ನೌಕರರಿಗಾಗಿ ಶುರುವಾದ ವಿಮೆ. ಅಂದರೆ ಆ ಲೆಕ್ಕದೊಳಗೂ ಎಷ್ಟೋ ಜೂನ್ ಒಂದುಗಳು ಇದ್ದಿರಬೇಕು. ಅಂಕಲ್‌ಗೆ ಇದನ್ನು ಹೇಳಿದೆ. ಕೆಲವರ ವಯಸ್ಸು ಹೆಚ್ಚು, ಕೆಲವರದು ಕಡಿಮೆ ಬರೆದಿರುತ್ತಾರೆ, ಒಟ್ಟು ಮೊತ್ತದಲ್ಲಿ ಬಹುಪಾಲು ಸರಿಹೋಗುತ್ತದೆ, ಹೇಗಿದ್ದರೂ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದೇ ಲೆಕ್ಕ ಅಂದರು. ಸರಿಹೋಗದೇ ಇರುವುದು ನಾಮಿನಿ ಕಾಲಂ.

ಹಾಗಾಗಿ ನಾಮಿನಿ ಖಾಲಿ ಇದ್ದವರಿಗೆ ಫೋನ್ ಮಾಡಿದರು. ಇಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮೂರೂವರೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. (ಇಲ್ಲೂ ಜೂನ್ ಒಂದೇ, ನೋಡಿ.) ಆ ಹೊತ್ತಿಗೆ ಅವರು ಕ್ಯಾಂಪಿನಲ್ಲಿ ಸಿಗುತ್ತಾರೆ. ಕನ್ನಡದವರು ಬಂದಾಗ ಫೋನ್ ಸ್ಪೀಕರ್‌ನಲ್ಲಿಟ್ಟು, ಪಕ್ಕದಲ್ಲಿ ಕೂತು, ನನ್ನನ್ನು ಮಾತಾಡಲು ಬಿಟ್ಟರು. ಒಬ್ಬರು ಕೊಪ್ಪಳದ ಕಡೆಯವರು. ನಾನು ಗ್ರಾಂಥಿಕ ಕನ್ನಡದಲ್ಲಿ "ತಮ್ಮ ಜನ್ಮದಿನಾಂಕ" ಅಂತ ಶುರು ಮಾಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಪಾಸ್‌ಪೋರ್ಟ್‌ನಾಗ ಇದ್ದದ್ದ ಬರ್ಕೋರಿ ಮೇಡಂ. ಕಾರಹುಣ್ಣಿವಿ ಮರುದಿನ ಹುಟ್ಟೀನಿ ಅಂತಾಳ ನಮ್ಮವ್ವ" ಅಂದರು. ನಾಮಿನಿ ಯಾರು ಅಂದೆ. "ಅವ್ವ." ಹೆಸರು? ಮತ್ತೆ ಸುಮ್ಮನಾದರು. ಊರಲ್ಲಿ ಕರೆಯುವ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಯಾವುದು ಹೇಳಲಿ ಅಂತ ಅವರೇ ನನ್ನನ್ನು ಕೇಳಿದರು. ಆಧಾರ್‌ನಲ್ಲಿ ಇರುವ ಹಾಗೆ ಅಂದೆ. ಅವರು ಅಕ್ಷರ ಅಕ್ಷರವಾಗಿ ಹೇಳಿದರು, ನಾನು ಬರೆದುಕೊಂಡೆ. ಹೆಸರಿನ ನಡುವೆ ಒಂದು ಳಕಾರ ಬಂತು. ಲ, ಳ ಬೇರೆ ಬೇರೆ ಅಂತ ನಮ್ಮ ಟೀಚರ್ ಆರು ವರ್ಷದಿಂದ ಹೇಳುತ್ತಿದ್ದರು. ಇಂಗ್ಲಿಷ್‌ನಲ್ಲಿ ಬರೆಯುವಾಗ ಅದೂ ಕಳೆದುಹೋಯಿತು ಅನ್ನುವುದು ಬೇರೆ ಮಾತು.

ಆ ರಾತ್ರಿ ಮನೆಯಲ್ಲಿ ಅಪ್ಪನನ್ನು ಕೇಳಿದೆ, ನಿಮ್ಮ ವಿಮೆಯಲ್ಲಿ ನಾಮಿನಿ ಯಾರು ಅಂತ. "ಅಮ್ಮನೇ ಇರಬೇಕು" ಅಂದರು. ಇರಬೇಕು ಅಂದರೆ? ಇಬ್ಬರೂ ಕಪಾಟಿನಿಂದ ಫೈಲ್ ತೆಗೆದು ನೋಡಿದೆವು. ಮದುವೆಗೆ ಮೊದಲು ಮಾಡಿಸಿದ ಪಾಲಿಸಿ. ಅದರಲ್ಲಿ ಅಜ್ಜನ ಹೆಸರಿತ್ತು. ಅಜ್ಜ ಹೋಗಿ ನಾಲ್ಕು ವರ್ಷ ಆಯಿತು.

ಅಪ್ಪ ಸ್ವಲ್ಪ ಹೊತ್ತು ಆ ಸಹಿಯನ್ನೇ ನೋಡುತ್ತಿದ್ದರು. ಮರುದಿನ ಬದಲಾವಣೆಗೆ ಅರ್ಜಿ ಹಾಕಿದರು.

ಇಲ್ಲಿ ಕುಳಿತಿರುವ ಅಂಕಲ್ ಆಂಟಿಯರೇ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಫೈಲ್ ಕೂಡ ಒಮ್ಮೆ ತೆಗೆದು ನೋಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.