ಗುಂಡುತೋಪಿನ ಹಣ್ಣು ಯಾರಿಗೆ?

(ಕಲಾಸಿಪಾಳ್ಯದಲ್ಲಿ ಸೇರಿದ್ದ ರೈತರ ಮುಂದೆ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಕೋಳಿ ಕೂಗುವ ಮೊದಲೇ ಸೊಪ್ಪು, ತರಕಾರಿ ಹೇರಿಕೊಂಡು ಕಲಾಸಿಪಾಳ್ಯದ ಮಂಡಿಗೆ ಬರುವವರು ನೀವು. ವ್ಯಾಪಾರ ಮುಗಿದ ಮೇಲೆ ಮಕ್ಕಳಿಗೆಂದು ನಾಲ್ಕು ಹಣ್ಣು ಕೊಂಡು ಬಸ್ಸು ಹತ್ತುತ್ತೀರಿ. ಮಣ್ಣಿರುವ ಊರಿಗೆ ಪೇಟೆಯಿಂದ ಹಣ್ಣು ಹೋಗಬೇಕೆ? ನಮ್ಮ ಹಿರಿಯರು ಊರ ಮಗ್ಗುಲಲ್ಲಿ ಗುಂಡುತೋಪು ಬೆಳೆಸಿದರು. ಮಾವು, ಹಲಸು, ನೇರಳೆ, ಹುಣಸೆ ನೆಟ್ಟರು. ನೆರಳು ದಾರಿಹೋಕರಿಗೆ, ಹಣ್ಣು ಊರಿಗೆ. ಎಲ್ಲರದೂ ಎಂದರೆ ಯಾರದೂ ಅಲ್ಲವೆಂದು ನಾವು ತಿಳಿದುದರಿಂದಲೇ ಅನೇಕ ತೋಪುಗಳು ಬರಿದಾದವು. ಮರವಿಲ್ಲದ ತೋಪು ಬಲುಬೇಗ ಇನ್ನೊಬ್ಬರ ಸೈಟಾಗುತ್ತದೆ.

ಆದುದರಿಂದ ಮೊದಲು ದಾಖಲೆ ನೋಡಿ. ಪಹಣಿಯಲ್ಲಿ ಗುಂಡುತೋಪು ಎಂದಿದೆಯೇ, ವಿಸ್ತೀರ್ಣ ಎಷ್ಟು, ಗಡಿಕಲ್ಲು ಸ್ಥಳದಲ್ಲಿದೆಯೇ ಎಂದು ತಿಳಿಯಿರಿ. ಹಳ್ಳಿಯ ಸಾಮೂಹಿಕ ಜಮೀನುಗಳ ಒತ್ತುವರಿ ತೆರವು ಮಾಡಲು ಯೋಜನೆ ರೂಪಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಯಾವ ಗಿಡ ನೆಡಬೇಕು? ಮರಸೇಬು ಹಾಕೋಣವೇ ಎಂದು ಕೆಲವರು ಕೇಳುತ್ತಾರೆ. ಚಳಿಗಾಲದ ಕೊರೆತ ಸಾಕಷ್ಟು ಸಿಕ್ಕದೆ ಆ ಮರದ ಮೊಗ್ಗು ಸರಿಯಾಗಿ ಒಡೆಯದು. ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳಿಗೆ ಅದು ಒಪ್ಪುತ್ತದೆ; ನಮ್ಮ ಬಯಲಿಗೆ ಮಾವು, ಹಲಸೇ ಲೇಸು. ಆದರೆ ಮರಸೇಬು ಬೆಳೆಯುವವರಿಂದ ಕಲಿಯುವುದೊಂದಿದೆ. ಜಪಾನಿನವರು ಅದರ ಎಳೆಗಾಯಿಗೆ ಒಂದೊಂದಕ್ಕೂ ಕಾಗದದ ಚೀಲ ತೊಡಿಸುತ್ತಾರೆ. ಕೈಗೆಟುಕುವ ಕೊಂಬೆಯ ಮಾವು, ಸೀಬೆಗೆ ಹಾಗೆಯೇ ಮಾಡಿದರೆ ಹಣ್ಣುನೊಣದ ಕಾಟ ತಪ್ಪುತ್ತದೆ.

ಹಲಸನ್ನು ಬೀಜದಿಂದ ಬೆಳೆಸಿದರೆ ತಾಯಿಮರದ ಗುಣವೇ ಬರುವುದೆಂಬ ಭರವಸೆಯಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಮರದಿಂದ ಕಸಿ ಮಾಡಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಸಿದ್ದು’ ಹಲಸನ್ನು ಹರಡಿತು. ನಿಮ್ಮ ತೋಪಿನಲ್ಲಿಯೂ ಅಂತಹ ಮರವಿರಬಹುದು. ರುಚಿ ನೋಡಿ, ಗುರುತು ಹಾಕಿ, ಕಸಿ ಕಟ್ಟಿಸಿರಿ.

ಗಿಡದಿಂದ ಗಿಡಕ್ಕೆ 10 ಮೀಟರು ಅಂತರವಿರಲಿ. ಎಕರೆಗೆ ಸುಮಾರು 40 ಗಿಡ ಹಿಡಿಯುತ್ತದೆ. ಬೇಸಿಗೆಯಲ್ಲಿಯೇ 3 ಅಡಿ ಆಳ, ಅಗಲದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮುಂಗಾರು ಹಿಡಿದಾಗ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ನೆಡಿ. ಕಸಿಯ ಗಂಟು ಮಣ್ಣಿನ ಮೇಲಿರಲಿ. ಮುಳ್ಳುಬೇಲಿ ಇಲ್ಲದಿದ್ದರೆ ಆಡುಗಳೇ ಮೊದಲು ಫಸಲು ತಿನ್ನುತ್ತವೆ. ಮೊದಲ ಎರಡು ಬೇಸಿಗೆ ನೀರುಣಿಸುವ ಸರದಿಯನ್ನು ಮನೆಮನೆಗೂ ಹಂಚಿರಿ.

ಕೊಯ್ಲಿನಲ್ಲಿ ಆತುರ ಬೇಡ. ಮರ ಅಲುಗಿಸಿ ಕೆಡವಿದ ಮಾವು ಒಳಗೇ ಕೊಳೆಯುತ್ತದೆ. ಬಲೆ ಕಟ್ಟಿದ ಗಳುವಿನಿಂದ ತೊಟ್ಟು ಸಮೇತ ಕೀಳಿರಿ. ಸೊನೆ ತಾಗಿದ ಕಡೆ ಸಿಪ್ಪೆ ಕಪ್ಪಾಗುತ್ತದೆ. ಹಲಸಿನ ಮುಳ್ಳು ಅಗಲವಾಗಿ, ತಟ್ಟಿದರೆ ಡೊಳ್ಳು ಸದ್ದು ಬಂದರೆ ಬಲಿತಿದೆಯೆಂದು ತಿಳಿಯಿರಿ. ಉದುರಿದ ಹುಳುಕು ಹಣ್ಣನ್ನು 2 ಅಡಿ ಆಳದಲ್ಲಿ ಹೂಳಿರಿ.

ಇನ್ನು ಹಂಚಿಕೆ. ಜಗಳ ಹುಟ್ಟುವುದು ಇಲ್ಲಿಯೇ. ಪೂರ್ತಿ ತೋಪನ್ನು ಗುತ್ತಿಗೆದಾರನಿಗೆ ಹರಾಜು ಹಾಕಿದರೆ ಹಣ ಬಂದೀತು, ಆದರೆ ನಮ್ಮ ಮಕ್ಕಳೇ ನಮ್ಮ ತೋಪಿನಲ್ಲಿ ಕಳ್ಳರಾಗುತ್ತಾರೆ. ಎಲ್ಲವನ್ನೂ ಬಿಟ್ಟರೆ ಏಣಿಯಿದ್ದವನಿಗೆ ಹಣ್ಣು, ಮುದುಕಿಗೆ ಬರೀ ಎಲೆ. ನಡುವಿನ ದಾರಿ ಹೀಗಿರಬಹುದು: ಮರಗಳಿಗೆ ಸುಣ್ಣದಲ್ಲಿ ಸಂಖ್ಯೆ ಬರೆಯಿರಿ. ನಲವತ್ತರಲ್ಲಿ ಎಂಟನ್ನು ಊರಿನ ಬಾಯಿಗೆಂದು ಇಡಿ. ಗೊತ್ತಾದ ದಿನ ಕಿತ್ತು ಶಾಲೆಯ ಮಕ್ಕಳಿಗೆ, ಬಾಣಂತಿಯರಿಗೆ, ಜಮೀನಿಲ್ಲದ ಮನೆಗಳಿಗೆ ಮೊದಲು ಕೊಡಿ. ಯಾವ ಕೇರಿಯನ್ನೂ ಬಿಡಬೇಡಿ. ಉಳಿದ ಮರಗಳ ಫಸಲನ್ನು ಪಂಚಾಯಿತಿಯ ಮೂಲಕ ಬಹಿರಂಗವಾಗಿ ಹರಾಜು ಮಾಡಿಸಿ, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಿರಿ. ಅದರಲ್ಲಿ ಒಂದು ಪಾಲು ಹೊಸ ಗಿಡಕ್ಕೂ ಬೇಲಿಗೂ ಮೀಸಲಾಗಲಿ. ತುದಿಕೊಂಬೆಯ ಹಣ್ಣು ಹಕ್ಕಿಗಳಿಗಿರಲಿ.

ಇಂದು ನೆಟ್ಟ ಹಲಸಿನ ನೆರಳಲ್ಲಿ ನಮಗಿಂತ ಹೆಚ್ಚು ಕಾಲ ಕೂರುವವರು ನಮ್ಮ ಮೊಮ್ಮಕ್ಕಳು. ಈ ಮುಂಗಾರಿಗೆ ಪ್ರತಿ ಊರಿನ ತೋಪಿನಲ್ಲಿಯೂ ಹತ್ತು ಗಿಡಗಳಾದರೂ ಏಳಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.